ಇಂಟು ಮಾರ್ಕಿಲ್ಲದ ವರ್ಷ

ಡಿಸೆಂಬರ್ ೨೬

ಪ್ರೀತಿಯ ಮುಳ್ಳಿಗೆ,

ವರ್ಷ ಮುಗಿಯುತ್ತಾ ಬಂತು. ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತೇ ಈ ಕಾಗದ ಬರೆಯುತ್ತಿದ್ದೇನೆ. ಈಗ ಗಾಡಿಗಳ ಸಮಯವನ್ನೆಲ್ಲ ಯಂತ್ರವೇ ಹೇಳುತ್ತದೆ. ಯಾವುದಾದರೂ ತಡವಾದರೆ ಮಾತ್ರ ನನ್ನ ದನಿ ಬೇಕು. ನಾನು ಬಾಯಿ ಬಿಟ್ಟರೆ ಸಾಕು, ಜನ ‘ಹೋಯ್ತು, ಲೇಟು’ ಅಂದುಕೊಂಡು ಮತ್ತೆ ಬೆಂಚಿನ ಮೇಲೆ ಕೂರುತ್ತಾರೆ. ‘ನಿಮ್ಮದು ಅಪಶಕುನದ ಗಂಟಲು’ ಅಂತ ಟಿಕೆಟ್ ಕೌಂಟರಿನವಳು ಛೇಡಿಸುತ್ತಾಳೆ. ಇವತ್ತು ಎಲ್ಲವೂ ಹೊತ್ತಿಗೆ ಸರಿಯಾಗಿ ಬರುತ್ತಿವೆ, ಹಾಗಾಗಿ ನನಗೆ ಬಿಡುವು.

ಇಂಥ ವರ್ಷ ನನ್ನ ಜನ್ಮದಲ್ಲಿ ಬಂದಿರಲಿಲ್ಲ ಕಣೋ. ಅರವತ್ತು ಹತ್ತಿರ ಬಂದ ಮೇಲೆ ಮೊದಲ ಪುಸ್ತಕ! ಪ್ರಕಾಶಕರ ಅವಸರದಲ್ಲಿ, ಪೂರ್ತಿ ನಿನಗೆ ತೋರಿಸುವ ಮೊದಲೇ ಮಾರ್ಚಿನಲ್ಲಿ ಅದು ಬಂತು, ಆಗಸ್ಟಿನಲ್ಲಿ ಪ್ರಶಸ್ತಿ. ಸುದ್ದಿ ಬಂದ ದಿನ ನಮ್ಮ ಸ್ಟೇಷನ್ ಮಾಸ್ತರರು ನನ್ನ ಮೈಕನ್ನೇ ಕಿತ್ತುಕೊಂಡು, ‘ಪ್ರಯಾಣಿಕರ ಗಮನಕ್ಕೆ, ನಮ್ಮ ಅನೌನ್ಸರ್ ಮೇಡಂ ದೊಡ್ಡ ಕವಿ ಆಗಿದ್ದಾರೆ’ ಅಂತ ಕೂಗಿದರು. ಮೊದಲೆರಡು ಪದ ಕೇಳಿಯೇ ಅರ್ಧ ಜನ ಗಾಡಿ ಬಂತೆಂದು ಚೀಲ ಎತ್ತಿಕೊಂಡು ಓಡಿದ್ದರು. ಆಮೇಲೆ ದೊಡ್ಡ ಸಭಾಂಗಣದಲ್ಲಿ ಪದ್ಯ ಓದಿದೆ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಈಗ ಎರಡನೇ ಮುದ್ರಣವಂತೆ. ತಿದ್ದುಪಡಿ ಇದ್ದರೆ ಜನವರಿ ಮುಗಿಯುವುದರೊಳಗೆ ಕೊಡಿ ಅಂತ ಪ್ರಕಾಶಕರು ಹೇಳಿದ್ದಾರೆ. ಹಿಂತಿರುಗಿ ನೋಡಿದರೆ ಹಾಲು ಕುಡಿದಷ್ಟು ಸಂತೋಷವಾಗಬೇಕು. ಆಗುತ್ತಿಲ್ಲ. ಅದಕ್ಕೆ ನೀನೇ ಕಾರಣ.

ಬೆಚ್ಚಬೇಡ, ಹೇಳುತ್ತೇನೆ. ಸ್ಕೂಲಿನ ಕಾಲದಿಂದ ನಮ್ಮದೊಂದು ಪದ್ಧತಿ. ನಾನು ಪದ್ಯ ಬರೆದು ನಿನ್ನ ಕೈಗೆ ಕೊಡುವುದು. ನೀನು ಅದನ್ನು ಗಟ್ಟಿಯಾಗಿ ಓದುತ್ತಾ ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು. ಎಲ್ಲಿ ಕಾಲು ತಡವರಿಸುತ್ತದೋ ಆ ಸಾಲಿನ ಪಕ್ಕ ಒಂದು ಇಂಟು ಮಾರ್ಕು ಹಾಕುವುದು. ಎಲ್ಲರಿಗೂ ಚುಚ್ಚುತ್ತೀಯ ಅಂತ ಅಪ್ಪ ನಿನ್ನನ್ನು ಮುಳ್ಳು ಅಂತ ಕರೆದರು; ನೀನು ಗಡಿಯಾರ ರಿಪೇರಿಗೆ ಹೋಗಿ ಮುಳ್ಳುಗಳ ಮಧ್ಯೆಯೇ ಕೂತೆ. ನಾನೊಂದು ಊರು ನೀನೊಂದು ಊರು ಆದ ಮೇಲೂ ನನ್ನ ಪದ್ಯ ಅಂಚೆಯಲ್ಲಿ ಹೋಗಿ, ಇಂಟು ಹೊತ್ತುಕೊಂಡು ವಾಪಸು ಬರುತ್ತಿತ್ತು. ಫೋನಿನಲ್ಲಿ ಮಂಡಿನೋವು, ತರಕಾರಿ ರೇಟು. ಪದ್ಯದ ಮಾತು ಕಾಗದದಲ್ಲಿ ಮಾತ್ರ ಅಂತ ನಿಯಮ ಮಾಡಿದವನೂ ನೀನೇ. ಇಷ್ಟು ವರ್ಷದಲ್ಲಿ ನಿನ್ನ ಅತಿ ದೊಡ್ಡ ಹೊಗಳಿಕೆ ಅಂದರೆ ‘ಪರವಾಗಿಲ್ಲ’. ಅದೂ ಎಲ್ಲೋ ಎರಡು ಮೂರು ಸಲ.

ಈ ವರ್ಷ ನಿನ್ನ ಕಾಗದ ಒಡೆದರೆ ‘ಅದ್ಭುತ’, ‘ಅಮೋಘ’, ‘ಮನಸ್ಸು ತುಂಬಿ ಬಂತು’. ಒಂದೇ ಒಂದು ಇಂಟು ಇಲ್ಲ. ಅಕ್ಷರವೂ ನಿನ್ನದಲ್ಲ, ನಿನ್ನ ಹೆಂಡತಿ ಸಕ್ಕರೆಯದು. (ಯಾರಿಗೂ ಕಹಿ ಮಾತು ಆಡಲಾರಳು ಅಂತ ಮದುವೆಯಾದ ವಾರದಲ್ಲೇ ಆ ಹೆಸರು ಇಟ್ಟವಳು ನಾನು.) ‘ಅಂಗಡಿಯ ಷಟರ್ ಬಿದ್ದು ಹೆಬ್ಬೆರಳು ಜಜ್ಜಿಹೋಗಿದೆ, ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ’ ಅಂತ ನೀನು ಏಪ್ರಿಲ್‌ನಲ್ಲಿ ತಿಳಿಸಿದೆ. ಸರಿ. ಈಗ ಡಿಸೆಂಬರ್. ಕಾಲು ಮುರಿದುಕೊಂಡವರೇ ಇಷ್ಟರಲ್ಲಿ ಓಡಾಡುತ್ತಾರೆ. ಅದೆಂಥ ಹೆಬ್ಬೆರಳೋ ನಿನ್ನದು!

ಹೊಸ ಪದ್ಯ ಒಂದನ್ನು ಜೊತೆಗಿಟ್ಟಿದ್ದೇನೆ, ‘ಬೆಂಚು’ ಅಂತ ಹೆಸರು. ನಡೆದು ಓದು. ಕಡ್ಡಿ ತುಂಡು ಮಾಡಿದ ಹಾಗೆ ಹೇಳು.

ನಿನ್ನ ಅಕ್ಕ


ಜನವರಿ ೨

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂತು. ಸ್ಟೇಷನ್ ಮಾಸ್ತರರ ಕಥೆಗೆ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು.

‘ಬೆಂಚು’ ಕೇಳಿದೆವು. ಏನು ಪದ್ಯ ಅಕ್ಕಾ! ಶುರುವಿನಲ್ಲಿ ‘ಕೊನೆಯ ಗಾಡಿ ಹೋದ ಮೇಲೆ ಬೆಂಚು ತನ್ನ ಮೇಲೆ ತಾನೇ ಕೂರುತ್ತದೆ’ ಅನ್ನುವುದು ಚೆನ್ನಾಗಿದೆ. ಅದಕ್ಕಿಂತ ಚೆನ್ನಾಗಿರುವುದು ಮಧ್ಯದ ‘ಓ ನಿಲ್ದಾಣವೇ, ಬದುಕೂ ಒಂದು ನಿಲ್ದಾಣವೇ!’ ಎಂಬ ಸಾಲು. ಅಲ್ಲಿಗೆ ಬಂದಾಗ ಮೈ ಜುಮ್ಮೆಂದಿತು. ಇಂಟು ಹಾಕೋಣವೆಂದರೆ ಎಲ್ಲೂ ಜಾಗವೇ ಸಿಗಲಿಲ್ಲ.

ಹೆಬ್ಬೆರಳು ಗುಣವಾಗುತ್ತಾ ಬಂದಿದೆ, ಚಳಿಗೆ ಸ್ವಲ್ಪ ಸೆಳೆತ ಅಷ್ಟೆ. ಈ ತಿಂಗಳು ನೀನು ಇತ್ತ ಬರುವುದು ಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಸಾಮಾನೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿದೆ. ಸಭೆಗಳಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ


ಜನವರಿ ೭

ಮುಳ್ಳೇ,

ಮೈ ಜುಮ್ಮೆಂದಿತಾ? ಆ ಸಾಲನ್ನು ನಾನು ಬೇಕೆಂದೇ ಇಟ್ಟಿದ್ದು. ಇಡುವಾಗ ನನಗೇ ನಾಚಿಕೆಯಾಗಿ ಸುತ್ತಮುತ್ತ ನೋಡಿದೆ. ಊಟದಲ್ಲಿ ಕಲ್ಲು ಹಾಕಿ ಬಡಿಸಿದರೆ ನೀನು ಕಲ್ಲನ್ನೇ ಚಪ್ಪರಿಸಿದೆಯಲ್ಲೋ! ಮೊದಲಿನ ಮುಳ್ಳಾಗಿದ್ದರೆ ಆ ಹಾಳೆಯನ್ನು ಹರಿದು, ಹರಿದ ಚೂರನ್ನು ಅಂಚೆಗೆ ಹಾಕುತ್ತಿದ್ದ.

ಅಷ್ಟೇ ಅಲ್ಲ. ‘ಕೇಳಿದೆವು’ ಅಂತ ಬರೆದಿದ್ದೀಯ. ಓದುವವನು ನೀನು. ಕೇಳುವುದು ಯಾವಾಗಿನಿಂದ ಶುರುವಾಯಿತು? ನೀನು ಪದ್ಯಗಳನ್ನು ಓದುತ್ತಲೇ ಇಲ್ಲ. ಸಕ್ಕರೆಗೆ ‘ಏನೋ ನಾಲ್ಕು ಒಳ್ಳೆ ಮಾತು ಬರೆದು ಹಾಕೇ’ ಅಂದುಬಿಟ್ಟಿದ್ದೀಯ.

ಯಾಕೆ ಅಂತ ಕಾಗದ ಬಂದಾಗಿನಿಂದ ತಲೆ ಕೆಡಿಸಿಕೊಂಡೆ. ‘ಅಕ್ಕ ಈಗ ದೊಡ್ಡವಳಾದಳು, ಅವಳ ಉಸಾಬರಿ ನನಗ್ಯಾಕೆ’ ಅಂತ ನನ್ನ ಕೈ ಬಿಟ್ಟಿರಬೇಕು. ಅದಲ್ಲದಿದ್ದರೆ ನಿನಗೆ ಏನೋ ಆಗಿದೆ. ಹೊರಡುವವರು ಎಲ್ಲರಿಗೂ ಒಳ್ಳೆ ಮಾತು ಹೇಳಿ ಹೊರಡುತ್ತಾರಂತೆ.

ಇಷ್ಟು ದಿನ ನಿನಗೆ ಹೇಳದ ಒಂದು ವಿಷಯ ಹೇಳುತ್ತೇನೆ. ಬೇಸಿಗೆಯಿಂದ ನಾನು ಒಂದು ಸಾಲೂ ಬರೆದಿಲ್ಲ. ಆಮೇಲೆ ಕಳಿಸಿದ್ದೆಲ್ಲ, ಹೊಸದು ಅಂದ ‘ಬೆಂಚು’ ಕೂಡ, ಹಳೆಯದೇ. ನೀನು ‘ಅದ್ಭುತ’ ಅಂದ ದಿನದಿಂದ ಪೆನ್ನು ಹಿಡಿದರೆ ಕೈ ಮುಂದೆ ಹೋಗುತ್ತಿಲ್ಲ. ಸಭೆಯಲ್ಲಿ ಚಪ್ಪಾಳೆ ಬೀಳುವಾಗಲೆಲ್ಲ ಒಳಗೊಂದು ದನಿ, ಇವರಿಗೆಲ್ಲ ಗೊತ್ತಿಲ್ಲ, ಗೊತ್ತಿರುವವನು ಬಾಯಿ ಮುಚ್ಚಿಕೊಂಡಿದ್ದಾನೆ ಅನ್ನುತ್ತದೆ. ಪುಸ್ತಕ ನಿಜವಾಗಿಯೂ ಚೆನ್ನಾಗಿದೆಯೋ, ನನ್ನ ವಯಸ್ಸು ನೋಡಿ ಅಯ್ಯೋ ಪಾಪ ಅಂದರೋ, ನೀನು ಹೇಳದೆ ನನಗೆ ತಿಳಿಯುವುದಿಲ್ಲ.

ತಿಂಗಳು ಮುಗಿಯುವುದರೊಳಗೆ ನಿನ್ನ ಇಂಟು ಬಾರದಿದ್ದರೆ ಎರಡನೇ ಮುದ್ರಣವೇ ಬೇಡ ಅಂದುಬಿಡುತ್ತೇನೆ. ಮತ್ತೆ ಈ ಕಾಗದಕ್ಕೆ ಬೇಗ ಉತ್ತರ ಬಾರದಿದ್ದರೆ ಸಿಕ್ಕಿದ ಗಾಡಿ ಹತ್ತಿ ಬರುತ್ತೇನೆ. ನಿನ್ನ ಗೋಡೆಯ ಬಣ್ಣ ಒಣಗಿರಲಿ, ಹಸಿಯಿರಲಿ.

ಅಕ್ಕ


ಜನವರಿ ೧೧

ಅತ್ತಿಗೆಯವರಿಗೆ ಸಕ್ಕರೆ ಮಾಡುವ ನಮಸ್ಕಾರಗಳು.

ಇದು ನನ್ನದೇ ಕಾಗದ, ಅವರಿಗೆ ಗೊತ್ತಿಲ್ಲ. ಅವರು ಒಳಗಡೆ ಕಣ್ಣಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಾರೆ. ಗಾಬರಿಯಾಗಬೇಡಿ, ಜೀವಕ್ಕೆ ಏನೂ ಅಪಾಯವಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ, ಇನ್ನು ನಿಧಾನವಾಗಿ ಓದಿ.

ಹೆಬ್ಬೆರಳಿಗೆ ಏನೂ ಆಗಿಲ್ಲ. ಷಟರ್ ಬಿದ್ದಿಲ್ಲ. ಮನೆಗೆ ಬಣ್ಣವೂ ಇಲ್ಲ, ಮಣ್ಣೂ ಇಲ್ಲ. ಏಪ್ರಿಲ್‌ನಲ್ಲಿ ಒಂದು ಸಂಜೆ ಗಿರಾಕಿಯ ವಾಚು ಬಿಚ್ಚಿಕೊಂಡು ಕೂತವರು ‘ಲೈಟ್ ಹಾಕೇ’ ಅಂದರು. ಲೈಟು ಉರಿಯುತ್ತಲೇ ಇತ್ತು ಅತ್ತಿಗೆ. ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿದೆ ಅಂದರು ಡಾಕ್ಟರು. ಜೂನ್‌ನಲ್ಲಿ ಎಡಗಣ್ಣಿಗೆ ಆಪರೇಷನ್ ಆಯಿತು, ದೃಷ್ಟಿ ಬರಲಿಲ್ಲ. ಬಲಗಣ್ಣಿಗೂ ಮಾಡಲು ಸಕ್ಕರೆ ಇಳಿಯಬೇಕು ಅಂತ ಇಷ್ಟು ತಿಂಗಳು ಕಾಯಿಸಿ, ಈ ವಾರ ಮಾಡಿದ್ದಾರೆ. ಮುಂದಿನ ವಾರ ಕಟ್ಟು ಬಿಚ್ಚುತ್ತಾರೆ. ಆಮೇಲಷ್ಟೇ ಗೊತ್ತಾಗುವುದು.

‘ಅಕ್ಕನಿಗೆ ಹೇಳೋಣ’ ಅಂತ ನಾನು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ‘ಹೇಳಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ. ಅವಳ ಜನ್ಮಕ್ಕೆ ಒಂದು ಒಳ್ಳೆ ವರ್ಷ ಬಂದಿದೆ, ಅದನ್ನ ನಾನು ಹಾಳು ಮಾಡೋದಾ? ಬೆರಳಿಗೆ ಪೆಟ್ಟಾಗಿದೆ ಅಂತ ಬರಿ’ ಅಂದರು. ಇಷ್ಟು ಅವರ ಸುಳ್ಳು.

ಇನ್ನು ನನ್ನದು. ಅವರು ನಿಮ್ಮ ಕೈ ಬಿಟ್ಟಿಲ್ಲ ಅತ್ತಿಗೆ. ನಿಮ್ಮ ಪುಸ್ತಕವನ್ನೂ ನೀವು ಕಳಿಸಿದ ಒಂದೊಂದು ಪದ್ಯವನ್ನೂ ನಾನು ಗಟ್ಟಿಯಾಗಿ ಓದಿದ್ದೇನೆ, ಅವರು ಗೋಡೆ ಹಿಡಿದುಕೊಂಡು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆದಿದ್ದಾರೆ. ‘ನಿಲ್ಲಿಸು. ಇಲ್ಲಿ ಇಂಟು ಹಾಕು. ಬರಿ, ಈ ಸಾಲು ನೆನೆದ ರಟ್ಟಿನ ಹಾಗಿದೆ’ ಅನ್ನುತ್ತಿದ್ದರು. ನೆನೆದ ರಟ್ಟು ಅಂದದ್ದು ನಿಮಗೆ ಪ್ರಶಸ್ತಿ ಬಂದ ಪುಸ್ತಕದ ಮೊದಲ ಪದ್ಯಕ್ಕೆ! ಪೇಪರಿನಲ್ಲಿ ನಿಮ್ಮ ಫೋಟೋ ಬಂದ ದಿನ! ನಾನು ಅದನ್ನು ಯಾವ ಕೈಯಿಂದ ಬರೆಯಲಿ? ‘ಅದ್ಭುತ’ ಅಂತ ಬರೆದೆ. ‘ಬರೆದ್ಯಾ?’ ಅಂದರು. ‘ಬರೆದೆ’ ಅಂದೆ.

ಒಂದು ಸುಳ್ಳಿಗೆ ಹತ್ತು ಸುಳ್ಳು ಅಂತಾರಲ್ಲ, ಹಾಗಾಯಿತು. ನಿಮ್ಮ ಮುಂದಿನ ಕಾಗದ ಬಂದಾಗ ‘ನನ್ನ ಇಂಟಿಗೆ ಏನಂದ್ಲು?’ ಅಂತ ಕೇಳಿದರು. ಏನು ಹೇಳಲಿ? ‘ನಿನ್ನ ಗಡಿಯಾರ ನೀನು ನೋಡ್ಕೋ, ನನ್ನ ಪದ್ಯದ ತಂಟೆಗೆ ಬರಬೇಡ ಅಂದಿದ್ದಾರೆ’ ಅಂತ ಬಾಯಿಗೆ ಬಂದದ್ದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಹೋದ ಮೇಲೆ ಅವರು ಹಾಗೆ ನಕ್ಕಿದ್ದೇ ಅದು ಮೊದಲು. ಆಮೇಲೆ ಪ್ರತಿ ಸಲವೂ ನಿಮ್ಮ ಪರವಾಗಿ ನಾನೇ ಅವರಿಗೆ ಬೈದೆ. ವರ್ಷವೆಲ್ಲ ನಿಮ್ಮ ಜೊತೆ ಜಗಳವಾಡುತ್ತಿದ್ದೇನೆ ಅಂತಲೇ ತಿಳಿದಿದ್ದಾರೆ.

‘ಬೆಂಚು’ ಓದಿದಾಗ ಆ ಸಾಲಿಗೆ ಬಂದು ನಿಂತೇಬಿಟ್ಟರು. ‘ಇದು ಅವಳ ಸಾಲಲ್ಲ. ಬೇಕಂತ ಹಾಕಿದಾಳೆ, ಏನೋ ಅನುಮಾನ ಬಂದಿದೆ ಅವಳಿಗೆ. ದೊಡ್ಡ ಇಂಟು ಹಾಕು’ ಅಂದರು. ನಿಜ ಹೇಳಬೇಕೆಂದರೆ ನನಗೂ ಅದು ಕಿವಿಗೆ ಚುಚ್ಚಿತ್ತು. ಪಾಪ, ಅತ್ತಿಗೆಗೆ ಸುಸ್ತಾಗಿದೆಯೇನೋ ಅಂತ ಅದನ್ನೇ ಹೆಚ್ಚು ಹೊಗಳಿದೆ.

ನೀವು ಬರೆಯುವುದನ್ನೇ ನಿಲ್ಲಿಸಿದ್ದೀರಿ ಅಂತ ಓದಿಯೇ ಈ ಕಾಗದ ಬರೆಯಲು ಕೂತೆ. ಈಗಲೇ ಬರಬೇಡಿ. ಅವರು ತಲೆ ಅಲ್ಲಾಡಿಸಬಾರದು, ಅಳಬಾರದು ಅಂದಿದ್ದಾರೆ ಡಾಕ್ಟರು. ನಿಮ್ಮ ದನಿ ಕೇಳಿದರೆ ಎರಡೂ ಆಗುತ್ತೆ. ಬೈಯುವುದಿದ್ದರೆ ನನಗೆ ಬೈಯಿರಿ.

ನಿಮ್ಮ ಸಕ್ಕರೆ


ಜನವರಿ ೧೪

ಸಕ್ಕರೆ,

ನಿನ್ನ ಕಾಗದವನ್ನು ಮೈಕಿನ ಮುಂದೆಯೇ ಓದಿದೆ. ಕಣ್ಣಿನ ವಿಷಯ ಬಂದ ಕೂಡಲೇ ಎದ್ದೆ. ಕೌಂಟರಿನವಳ ಹತ್ತಿರ ಹೋಗಿ ಟಿಕೆಟ್ ತೆಗೆದುಕೊಂಡೇಬಿಟ್ಟೆ. ಅಷ್ಟರಲ್ಲಿ ನಿನ್ನ ಕೊನೆಯ ಸಾಲುಗಳನ್ನು ಓದಿ ವಾಪಸು ಕೊಟ್ಟೆ. ‘ಏನ್ ಮೇಡಂ, ಕವಿಗಳಾದ ಮೇಲೆ ಹಿಂಗಾ?’ ಅಂದಳು.

ಆಮೇಲೆ ಎರಡನೇ ಸಲ ಓದಿದೆ. ನೆನೆದ ರಟ್ಟು! ಅಯ್ಯೋ ನನ್ನ ಮುಳ್ಳೇ! ಅಷ್ಟು ಹೊತ್ತಿಗೆ ಬೆಳಗಿನ ಗಾಡಿ ತಡ ಅಂತ ಚೀಟಿ ಬಂತು. ಅಳುತ್ತಾ ನಗುತ್ತಾ ಮೈಕಿನಲ್ಲಿ ಹೇಳಿದೆ. ಗಾಡಿ ಲೇಟು ಅನ್ನುವುದನ್ನು ಇಷ್ಟು ಖುಷಿಯಾಗಿ ಯಾರೂ ಹೇಳಿರಲಿಕ್ಕಿಲ್ಲ. ಬೆಂಚಿನವರೆಲ್ಲ ತಲೆಯೆತ್ತಿ ಲೌಡ್‌ಸ್ಪೀಕರನ್ನೇ ನೋಡಿದರಂತೆ.

ನಿನಗೆ ಬೈಯಲಾರೆ ಕಣೇ. ಕತ್ತಲೆಯಲ್ಲಿ ಕೂತವನನ್ನು ನಗಿಸಿದವಳಿಗೆ ಯಾರಾದರೂ ಬೈಯುತ್ತಾರಾ? ಆದರೆ ಇನ್ನು ಮೇಲೆ ನನಗೆ ಸಕ್ಕರೆ ಹಾಕಬೇಡ. ಮುದ್ರಣ ಕಾದರೆ ಕಾಯಲಿ, ತಪ್ಪಿದರೆ ತಪ್ಪಲಿ. ಕಟ್ಟು ಬಿಚ್ಚಿದ ತಕ್ಷಣ ಫೋನ್ ಮಾಡು, ಕಣ್ಣಿನ ಸುದ್ದಿ ಮಾತ್ರ ಹೇಳು. ಕಂಡರೆ, ಆಮೇಲೆ ನಿನ್ನ ಬಾಯಿಂದಲೇ ಅವನಿಗೆ ಎಲ್ಲ ಒಪ್ಪಿಸು. ಕಾಣದಿದ್ದರೆ ನಾನು ಬಂದು ಓದುತ್ತೇನೆ, ಅವನು ನಡೆಯಲಿ.

ಅತ್ತಿಗೆ


ಜನವರಿ ೨೩

ಅಕ್ಕಾ,

ನನ್ನದೇ ಕೈ, ನನ್ನದೇ ಹೆಬ್ಬೆರಳು. ಅಕ್ಷರ ಮೇಲೆ ಕೆಳಗೆ ಹೋದರೆ ಸಹಿಸಿಕೋ.

ಫೋನಿನಲ್ಲಿ ಸಕ್ಕರೆ ಬರೀ ‘ಕಾಣ್ತಿದೆ, ಕಾಣ್ತಿದೆ’ ಅಂತ ಅತ್ತಳು, ನೀನು ಆ ಕಡೆ ಅತ್ತೆ, ವಿವರ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕಟ್ಟು ಬಿಚ್ಚಿದಾಗ ಮೊದಲು ಕಂಡದ್ದು ಡಾಕ್ಟರ ಮೂಗು. ಎರಡನೆಯದು ಅವರ ಗೋಡೆ ಗಡಿಯಾರ. ಹಿಂದೆ ನಡೆಯುತ್ತಿತ್ತು, ಹೇಳಿದೆ. ಎಡಗಣ್ಣು ಹೋದದ್ದು ಹೋಯಿತು, ಅದಕ್ಕೆ ಗೋಳಾಡಬೇಡ. ಗಡಿಯಾರದವನಿಗೆ ಒಂದು ಕಣ್ಣು ಸಾಕು; ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಎಡಗಣ್ಣನ್ನು ಹೇಗೂ ಮುಚ್ಚಿಕೊಂಡೇ ಇರುತ್ತೇವೆ. ಕೈಗಡಿಯಾರ ಸದ್ಯಕ್ಕೆ ಮುಟ್ಟಬಾರದಂತೆ, ಗೋಡೆಯವು ಮಾಡಬಹುದಂತೆ. ಹೆದರಿದ್ದೆ ಅಕ್ಕಾ. ಬಹಳ ಹೆದರಿದ್ದೆ. ಈಗ ಇಲ್ಲ.

ನಮ್ಮನೆಯ ಕಳ್ಳಿ ಎಲ್ಲ ಬಾಯಿಬಿಟ್ಟಳು. ಅರ್ಧ ದಿನ ಮಾತು ಬಿಟ್ಟೆ. ಆಮೇಲೆ ನೀನು ಬೈದದ್ದೆಂದು ನಾನು ತಿಳಿದಿದ್ದ ಬೈಗುಳಗಳೆಲ್ಲ ನೆನಪಾಗಿ ನಗು ತಡೆಯಲಾಗಲಿಲ್ಲ. ‘ಮುಳ್ಳಿಗೆ ಕೀಲಿ ಕೊಡೋರು ಯಾರೂ ಇಲ್ವಾ ಆ ಮನೇಲಿ?’ ಅಂತ ನೀನು ಬರೆದಿದ್ದೀಯ ಅಂದಿದ್ದಳು. ನಿನ್ನ ಬುದ್ಧಿ ಈ ವರ್ಷ ಚುರುಕಾಗಿದೆ ಅಂದುಕೊಂಡಿದ್ದೆ. ನಿಜ ಹೇಳುತ್ತೇನೆ, ನಿನಗಿಂತ ಅವಳು ಚೆನ್ನಾಗಿ ಬೈಯುತ್ತಾಳೆ.

ನಿನ್ನ ಏಳನೇ ತಾರೀಖಿನ ಕಾಗದವನ್ನೂ ಓದಿದೆ. ನಾನು ಕೈ ಬಿಟ್ಟೆನಂತೆ! ದಡ್ಡಿ. ಕೈ ಬಿಡುವವನು ಗೋಡೆ ಹಿಡಿದುಕೊಂಡು ಯಾಕೆ ನಡೆಯುತ್ತಾನೆ?

ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಓದಬಾರದು ಅಂದರು. ನಾಲ್ಕು ಓದಿದೆ, ಅವರಿಗೆ ಹೇಳಬೇಡ. ಉಳಿದದ್ದನ್ನು ಸಕ್ಕರೆ ಓದಿದಳು, ನಾನು ನಡೆದೆ. ನಿನ್ನ ಪುಸ್ತಕವನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ, ಇಂಟು ಸಮೇತ. ಮೊದಲ ಪದ್ಯದ ನಾಲ್ಕನೇ ಸಾಲು ಈಗಲೂ ನೆನೆದ ರಟ್ಟೇ. ಊರ ತುಂಬ ಚಪ್ಪಾಳೆ ಬಿದ್ದರೂ ಅದು ಒಣಗುವುದಿಲ್ಲ. ‘ಸಿಗ್ನಲ್’ ಪದ್ಯದಲ್ಲಿ ಎರಡನೇ ಭಾಗ ಪೂರ್ತಿ ದಂಡ. ಅಮ್ಮನ ಹೊಲಿಗೆ ಮಿಷನ್ ಮೇಲಿನ ಪದ್ಯಕ್ಕೆ ಮಾತ್ರ ಎಲ್ಲೂ ಕಾಲು ನಿಲ್ಲಲಿಲ್ಲ.

ಇಡೀ ಪುಸ್ತಕ ಹೇಗಿದೆ ಅಂತ ಕೇಳಿದ್ದೀಯ. ಪರವಾಗಿಲ್ಲ.

ತಮ್ಮ


ಜನವರಿ ೨೯

ಪ್ರೀತಿಯ ಮುಳ್ಳಿಗೆ,

ಪುಸ್ತಕ ಬಂತು. ಸೊಳ್ಳೆ ಕೂತ ಹಾಗೆ ಪುಟ ಪುಟಕ್ಕೂ ಇಂಟು. ಒಂದೊಂದನ್ನೂ ನೋಡುತ್ತಾ ಹೋದ ಜೀವ ಬಂದಂತಾಯಿತು. ನಾಲ್ಕನೇ ಸಾಲನ್ನು ತಿದ್ದಿದೆ. ‘ಸಿಗ್ನಲ್’ ಅರ್ಧ ಕತ್ತರಿಸಿದೆ. ಆದರೆ ಮಳೆಯ ಪದ್ಯದ ಒಂಬತ್ತನೇ ಸಾಲಿಗೆ ಹಾಕಿದ್ದೀಯಲ್ಲ, ಅದು ಮಾತ್ರ ನಿನ್ನ ತಪ್ಪು. ಅಲ್ಲಿ ಕಾಲು ನಿಲ್ಲಬೇಕು ಅಂತಲೇ ಬರೆದಿದ್ದು. ನಿನ್ನ ಗಡಿಯಾರ ನೀನು ನೋಡ್ಕೋ! (ಸಕ್ಕರೆಗೆ ಹೇಳು, ಈ ಸಲ ಬೈದದ್ದು ನಾನೇ.)

ಪ್ರಕಾಶಕರು ತಿದ್ದಿದ ಪ್ರತಿ ನೋಡಿ, ‘ಮೇಡಂ, ಪ್ರಶಸ್ತಿ ಬಂದಿರೋ ಪುಸ್ತಕಕ್ಕೆ ಇಷ್ಟೊಂದು ತಿದ್ದುಪಡಿನಾ?’ ಅಂತ ತಲೆ ಮೇಲೆ ಕೈ ಹೊತ್ತರು. ‘ಹೌದು, ಈಗ ಪುಸ್ತಕ ಆಯ್ತು’ ಅಂದೆ.

ಡಿಸೆಂಬರಿನಲ್ಲಿ ಹಿಂತಿರುಗಿ ನೋಡಿದಾಗ ಕಾಣದಿದ್ದದ್ದು ಈಗ ಕಾಣುತ್ತಿದೆ. ಸಭೆ, ಹಾರ, ಫೋಟೋ ಎಲ್ಲ ಚೆನ್ನಾಗಿಯೇ ಇತ್ತು, ಬೇಡ ಅನ್ನುವುದಿಲ್ಲ. ಆದರೆ ಆ ದಿನಗಳಲ್ಲೇ ನನ್ನ ತಮ್ಮ ಕಾಣದ ಕಣ್ಣಿಟ್ಟುಕೊಂಡು, ಮಂಚದಿಂದ ಕಿಟಕಿಗೆ ನನ್ನ ಸಾಲುಗಳ ಮೇಲೆ ನಡೆಯುತ್ತಿದ್ದ. ಅದು ನನ್ನ ವರ್ಷ. ಇಷ್ಟು ಒಳ್ಳೆಯ ವರ್ಷವೆಂದು ನನಗೆ ತಡವಾಗಿ ಗೊತ್ತಾಯಿತು, ಅಷ್ಟೆ.

ಪುಸ್ತಕ ಬಂದ ಮರುದಿನ ಬೆಳಿಗ್ಗೆ ಕೂತು ಒಂದು ಪದ್ಯ ಬರೆದೆ. ಬೇಸಿಗೆಯ ನಂತರ ಇದೇ ಮೊದಲು. ಚಿಕ್ಕದು:

ತಡವಾಗಿದೆ ಎನ್ನುವುದಷ್ಟೇ ನನ್ನ ಕೆಲಸ.
ಬಂದಿದೆ ಎಂದು ಹೇಳಲು
ಗಾಡಿಗೆ ಗಾಡಿಯೇ ಸಾಕು.
ಎಲ್ಲ ಕಾಯುವಿಕೆಯೂ ಕೊನೆಗೆ ಹೂವಾಗುತ್ತದೆ.

ನಡೆದು ಓದು. ರಜೆ ಹಾಕಿದ್ದೇನೆ, ಮುಂದಿನ ತಿಂಗಳು ಬರುತ್ತೇನೆ. ಬಣ್ಣದ ಕಥೆ ಹೇಳಿದರೆ ಕೇಳುವವಳಲ್ಲ.

ಅಕ್ಕ


ಫೆಬ್ರವರಿ ೩

ಅಕ್ಕಾ,

ನಡೆದೆ. ಎಲ್ಲೂ ನಿಲ್ಲಲಿಲ್ಲ. ಪರವಾಗಿಲ್ಲ. ಹಾಳೆ ವಾಪಸು ಕಳಿಸಿದ್ದೇನೆ.

ಮಳೆಯ ಪದ್ಯದ ಒಂಬತ್ತನೇ ಸಾಲಿನ ಬಗ್ಗೆ ಬಾ, ಎದುರಿಗೇ ಜಗಳವಾಡೋಣ.

ತಮ್ಮ

ಅತ್ತಿಗೆ, ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಇದನ್ನು ಕೆಳಗೆ ಸೇರಿಸುತ್ತಿದ್ದೇನೆ. ಹಾಳೆಯಲ್ಲಿ ಕೊನೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಇಂಟು ಇದೆ, ನೋಡಿ. ಅದು ನಾನು ಹಾಕಿದ್ದು. ಅವರಿಗೆ ಕಣ್ಣು ಬಂದ ಖುಷಿ, ಈಗ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ನಾನೂ ನಾಲ್ಕು ಸಲ ನಡೆದು ಓದಿದೆ, ನಾಲ್ಕು ಸಲವೂ ಅಲ್ಲೇ ಕಾಲು ನಿಂತಿತು. ಹೂವು ಬೇಡ ಅತ್ತಿಗೆ, ಸಿಹಿ ಜಾಸ್ತಿಯಾಯಿತು. ತೆಗೆದುಬಿಡಿ.